ಬೋರಾಮಣಿ ಮುಂದಿನ ಸೇತುವೆ: 1948

ಸೋಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದರೆ ಬೋರಾಮಣಿ, ಅದರಾಚೆ ನಳದುರ್ಗ. 1948ರಲ್ಲಿ ನಳದುರ್ಗ ಹೈದರಾಬಾದ್ ಸಂಸ್ಥಾನದ ದೊರೆ ನಿಜಾಮನ ನಾಡು, ಸೋಲಾಪುರ ಭಾರತ. ಗಡಿಯ ಎರಡೂ ಕಡೆ ಅದೇ ಜೋಳದ ಹೊಲ, ಅದೇ ಕನ್ನಡ, ಅದೇ ಮರಾಠಿ.

ದೆಹಲಿಗೆ ಏನು ಚಿಂತೆ? ದೇಶದ ನಟ್ಟನಡುವೆ ಭಾರತ ಸೇರಲೊಪ್ಪದ ಸಂಸ್ಥಾನ. ಅದು ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತ್ತು. ನಿಜಾಮನ ಪರ ನಿಂತ ಸಶಸ್ತ್ರ ಗುಂಪು ರಜಾಕಾರರ ಹಾವಳಿಗೆ ಹಳ್ಳಿಗಳು ನಲುಗಿದ್ದವು. ಆಗಸ್ಟ್‌ನಲ್ಲಿ ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಕಾಶ್ಮೀರದ ವಿಷಯ ಆಗಲೇ ಅಲ್ಲಿತ್ತು. ಹೈದರಾಬಾದ್ ನಮ್ಮ ಆಂತರಿಕ ವಿಷಯ ಅನ್ನೋದು ಭಾರತದ ಗಟ್ಟಿ ನಿಲುವು.

ಸೆಪ್ಟೆಂಬರ್ 13. ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಭಾರತೀಯ ಸೇನೆಯ ಮುಖ್ಯ ಪಡೆ ಸೋಲಾಪುರದಿಂದ ಪೂರ್ವಕ್ಕೆ ನುಗ್ಗಿತು. ಮೊದಲ ಗುರಿ ನಳದುರ್ಗದ ಬೋರಿ ನದಿ ಸೇತುವೆ. ಅದನ್ನು ಸ್ಫೋಟಿಸಿದ್ದರೆ ಟ್ಯಾಂಕುಗಳು ಅಲ್ಲೇ ನಿಲ್ಲಬೇಕಿತ್ತು, ಅದೂ ಮಳೆಗಾಲ. ಸೇತುವೆ ಇಡಿಯಾಗಿ ಕೈಗೆ ಬಂತು. ಹೈದರಾಬಾದಿನ ದಾರಿ ತೆರೆಯಿತು. 16ರಂದು ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ದೂರು ಕೈಗೆತ್ತಿಕೊಂಡಿತು. ಮರುದಿನ ಸಂಜೆಯೇ ನಿಜಾಮನಿಂದ ಕದನವಿರಾಮ, 18ಕ್ಕೆ ಶರಣಾಗತಿ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸತ್ತವರಿಗೆ ಅನ್ಯಾಯ. ರಜಾಕಾರರಿಗೆ ಬಲಿಯಾದವರಿದ್ದರು. ಕಾರ್ಯಾಚರಣೆಯ ಹೊತ್ತಿನಲ್ಲಿ, ಆಮೇಲೆ ನಡೆದ ಹಿಂಸೆಯಲ್ಲಿ ಸಾವಿರಾರು ಮುಸ್ಲಿಮರು ಸತ್ತರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜಿಸಿತು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನಳದುರ್ಗ ಇದ್ದದ್ದು ಆ ಉಸ್ಮಾನಾಬಾದ್ ಜಿಲ್ಲೆಯಲ್ಲೇ. ಸಮಿತಿಯ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.