ಆನೆಕಾಲಿನ ಗಾಯ: ಚರ್ಮದ ಜೊತೆ ಮನಸ್ಸೂ ಮಾಯಬೇಕು

ಅಫಜಲಪುರ ತಾಲ್ಲೂಕಿನ ಮಣ್ಣೂರ ನಮ್ಮೂರು. ಭೀಮಾ ನದಿಯ ದಂಡೆ, ಎರೆ ಭೂಮಿ. ನಾಲ್ಕು ಎಕರೆ ತೊಗರಿ, ಎರಡು ಎಕರೆ ಕಬ್ಬು ನನ್ನದು. ಬೆಳೆಯ ರೋಗದ ಬಗ್ಗೆ ಬರೆಯುವವರು ಬಹಳ ಮಂದಿ. ಬೆಳೆಗಾರನ ರೋಗದ ಬಗ್ಗೆ ನಾನೇ ಬರೆಯೋಣ ಎಂದು ಕುಳಿತಿದ್ದೇನೆ.

ಹನ್ನೆರಡು ವರ್ಷಗಳಿಂದ ನನ್ನ ಎಡಗಾಲು ಆನೆಕಾಲು. ಬಾವಿನ ಜೊತೆಗೇ ದುಡಿಯುತ್ತಿದ್ದೆ. ಮೂರು ವರ್ಷದ ಹಿಂದೆ ತೊಗರಿಯ ಕಳೆ ತೆಗೆಯುವಾಗ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತದ್ದಕ್ಕೆ ಬೆರಳಸಂದು ಬಿರಿಯಿತು. ಆಮೇಲೆ ಹಿಮ್ಮಡಿಯ ಮೇಲೊಂದು ಗಾಯ. ಐದು ತಿಂಗಳಾದರೂ ಮಾಯಲಿಲ್ಲ. ಆಗಾಗ ಚಳಿಜ್ವರ, ಕಾಲು ಕೆಂಡದಂತೆ. ಅಮಾವಾಸ್ಯೆಯ ಕಾಟ ಎಂದರು ಕೆಲವರು. ಬೂದಿ, ಸೊಪ್ಪಿನ ರಸ ಎಲ್ಲ ಹಚ್ಚಿದ್ದಾಯಿತು.

ನೋವಿಗಿಂತ ವಾಸನೆ ದೊಡ್ಡದು. ಕಟ್ಟೆಗೆ ಹೋಗುವುದು ಬಿಟ್ಟೆ. ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ನಿದ್ದೆಯಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯದು. ಒಂದು ರಾತ್ರಿ, ಇನ್ನು ಬದುಕಿ ಏನು ಮಾಡುವುದು ಎಂಬ ಯೋಚನೆ ಬಂತು. ಹೆಂಡತಿಗೆ ಹೇಳಿಬಿಟ್ಟೆ. ಆಕೆ ಅಳಲಿಲ್ಲ. ಬೆಳೆಗೆ ಹೊಡೆಯುವ ಔಷಧಿ ಇಡುವ ಕೋಣೆಯ ಕೀಲಿಯನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು. ಬೆಳಗಾಗುತ್ತಲೇ, "ಏಳ್ರಿ, ದವಾಖಾನಿಗಿ ಹೋಗೂಣು" ಅಂದಳು.

ಒಳಗೆ ನಡೆಯುವುದೇನು?

ಆನೆಕಾಲು ತರುವ ಹುಳವನ್ನು ಹರಡುವುದು ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ. ಹುಳ ನಮ್ಮ ದೇಹದ ದುಗ್ಧನಾಳಗಳನ್ನು ಕೆಡಿಸುತ್ತದೆ. ಬಸಿಗಾಲುವೆ ಕಟ್ಟಿದ ಹೊಲದಲ್ಲಿ ನೀರು ನಿಂತಂತೆ ಕಾಲಿನಲ್ಲಿ ನೀರು ನಿಲ್ಲುತ್ತದೆ. ಹುಳ ಸತ್ತ ಮೇಲೂ ಬಾವು ಉಳಿಯುತ್ತದೆ.

ಎಲ್ಲರ ಚರ್ಮದ ಮೇಲೂ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಚರ್ಮ ಗಟ್ಟಿ ಇದ್ದರೆ ಅವುಗಳಿಂದ ತೊಂದರೆ ಕಡಿಮೆ. ಬಾತ ಕಾಲಿನ ಮಡಿಕೆಗಳಲ್ಲಿ ತೇವ ನಿಂತರೆ ಬೆರಳಸಂದಿಗೆ ಬೂಷ್ಟು ಹತ್ತುತ್ತದೆ, ಚರ್ಮ ಬಿರಿಯುತ್ತದೆ. ಆ ಬಿರುಕಿನಿಂದ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ಒಳನುಗ್ಗುತ್ತವೆ. ಅಮಾವಾಸ್ಯೆ ಜ್ವರದ ಗುಟ್ಟು ಇದು! ಪ್ರತಿ ಜ್ವರಕ್ಕೂ ದುಗ್ಧನಾಳ ಇನ್ನಷ್ಟು ಕೆಡುತ್ತದೆ, ಬಾವು ಹೆಚ್ಚುತ್ತದೆ.

ಹಳೆಯ ಗಾಯದಲ್ಲಿ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಡ್ರಿಪ್ ಪೈಪಿನೊಳಗೆ ಲೋಳೆ ಕಟ್ಟುವುದಿಲ್ಲವೇ, ಹಾಗೆ. ಮೇಲಿಂದ ಮುಲಾಮು ಹಚ್ಚಿದರೆ ಒಳಗೆ ಇಳಿಯುವುದು ಕಷ್ಟ. ಮೊದಲು ಗಾಯ ಶುಚಿಯಾಗಬೇಕು.

ಮನಸ್ಸಿಗೇನು ಸಂಬಂಧ?

ಅಮೆರಿಕದ ಓಹಿಯೊದಲ್ಲಿ ನಡೆದ ಒಂದು ಪ್ರಯೋಗದ ವರದಿ 1995ರಲ್ಲಿ ಪ್ರಕಟವಾಯಿತು. ಮರೆವಿನ ರೋಗದವರನ್ನು ನೋಡಿಕೊಂಡು ಬಳಲಿದ 13 ಮಹಿಳೆಯರಿಗೂ, ಅಂಥ ಹೊರೆ ಇಲ್ಲದ 13 ಮಹಿಳೆಯರಿಗೂ ತೋಳಿನಲ್ಲಿ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ನೋಡಿದರು. ಬಳಲಿದವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಚಿಂತೆಯಲ್ಲಿ ಏರುವ ಕಾರ್ಟಿಸಾಲ್‌ನಂಥ ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಮೇಲಾಗಿ, ಮನಸ್ಸು ಕುಸಿದವನು ಕಾಲು ತೊಳೆಯುವುದನ್ನೂ ಬಿಡುತ್ತಾನೆ. ನಾನು ಬಿಟ್ಟಿದ್ದೆ. ಗಾಯದಿಂದ ಖಿನ್ನತೆ, ಖಿನ್ನತೆಯಿಂದ ಗಾಯ. ಗಾಣದೆತ್ತಿನ ಸುತ್ತಾಟ ಇದು.

ನಾನು ಮಾಡಿದ್ದು

- ದಿನಕ್ಕೆ ಎರಡು ಸಲ ಶುದ್ಧ ನೀರು, ಸಾದಾ ಸೋಪಿನಿಂದ ಕಾಲು ತೊಳೆದೆ. ಉಜ್ಜಬಾರದು, ಮೆತ್ತಗೆ ತೊಳೆಯಬೇಕು.
- ಬೆರಳಸಂದಿಯ ಪಸೆಯನ್ನು ಮೆತ್ತನೆ ಅರಿವೆಯಿಂದ ಒತ್ತಿ ತೆಗೆದು, ವೈದ್ಯರು ಕೊಟ್ಟ ಮುಲಾಮು ಹಚ್ಚಿದೆ.
- ಮಲಗುವಾಗ ಕಾಲಿನ ಕಡೆ ಮಂಚದ ಕೆಳಗೆ ಇಟ್ಟಂಗಿ ಇಟ್ಟು ಎತ್ತರ ಮಾಡಿದೆ. ಜ್ವರವಿಲ್ಲದ ದಿನ ಪಾದ ಮೇಲೆ ಕೆಳಗೆ ಆಡಿಸಿದೆ.
- ಹೊಲಕ್ಕೆ ಬರಿಗಾಲಲ್ಲಿ ಹೋಗುವುದು ಬಂದ್. ಅಗಲ ಚಪ್ಪಲಿ ಹೊಲಿಸಿಕೊಂಡೆ.
- ಜ್ವರ ಬಂದ ದಿನವೇ ದವಾಖಾನೆ.
- ಮನೋವೈದ್ಯರು ಕೊಟ್ಟ ಗುಳಿಗೆಯನ್ನು ಅವರು ಸಾಕೆನ್ನುವವರೆಗೆ ತೆಗೆದುಕೊಂಡೆ.

ಮೊದಲ ವಾರವೇ ಬೇಸರ ಬಂತು. ಆಗ ಹೆಂಡತಿ, "ಕಬ್ಬಿಗಿ ಯಾವಾಗ ನೀರ ಬಿಡಬೇಕಂತ ಗ್ವಾಡಿ ಮ್ಯಾಲ ಬರೀತೀರಿ. ಕಾಲಿಗಿ ಯಾಕ ಬರ್ಯಂಗಿಲ್ಲ?" ಅಂದಳು. ಅಂದಿನಿಂದ ಗೋಡೆಯ ಮೇಲೆ ಕಾಲಿನ ಲೆಕ್ಕವೂ ಬಂತು. ವಾಸನೆ ಮೂರನೇ ವಾರಕ್ಕೆ ಹೋಯಿತು, ಗಾಯ ನಾಲ್ಕನೇ ತಿಂಗಳಿಗೆ ಕೂಡಿತು. ಬಾವು ಪೂರ್ತಿ ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಕಳೆದ ವರ್ಷ ಜ್ವರ ಬಂದದ್ದು ಒಂದೇ ಸಲ. ಕಟ್ಟೆಯ ಮೇಲೆ ಮತ್ತೆ ಕೂಡುತ್ತಿದ್ದೇನೆ.

ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಇಂಥ ಕಾಲುಗಳಿಗೆ ತೊಳೆಯುವಿಕೆ, ಆಯುರ್ವೇದ, ಯೋಗ, ಬ್ಯಾಂಡೇಜು ಸೇರಿಸಿದ ಚಿಕಿತ್ಸೆ ರೂಪಿಸಿದೆ. ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲೂ ಅದನ್ನು ಮಾಡಿ ನೋಡಿ 2013ರಲ್ಲಿ ವರದಿ ಪ್ರಕಟಿಸಿದೆ.

ನಿಮ್ಮ ಊರಲ್ಲೂ ಬಾಗಿಲು ಹಾಕಿಕೊಂಡು ಕುಳಿತ ಒಬ್ಬ ಆನೆಕಾಲಿನವನು ಇರಬಹುದು. ಅವನ ಗಾಯದ ಜೊತೆಗೆ ನಿದ್ದೆಯನ್ನೂ ವಿಚಾರಿಸಿ. ಮನಸ್ಸಿನ ಸಂಕಟಕ್ಕೆ ಸರಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಬೇಡ. ಔಷಧಿ ಕೋಣೆಯ ಕೀಲಿ ಮಾತ್ರ ಇನ್ನೂ ಹೆಂಡತಿಯ ಸೆರಗಿನಲ್ಲೇ ಇದೆ. ನಾನೂ ಕೇಳಿಲ್ಲ.