ಬಿಸಿಲೂ ಬೊಕ್ಕಸವೂ

ಬಿಸಿಲಿಗೆ ಬೆಲೆಯಿಲ್ಲ, ಆದರೆ ಕೊಳವೆ ಬಾವಿಯಿಂದ ಮೇಲೆತ್ತಿದ ನೀರಿಗೆ ಬೆಲೆಯುಂಟು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರೈತರು ವಿದ್ಯುತ್ತಿನ ಹಣ ತೆರಬೇಕಾಗಿಲ್ಲ. ಅವರ ಪರವಾಗಿ ಸರ್ಕಾರವೇ ಅದನ್ನು ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತದೆ. ಪಂಪುಗಳ ಸಂಖ್ಯೆ 30 ಲಕ್ಷಕ್ಕೂ ಹೆಚ್ಚು. ಆಯವ್ಯಯದಲ್ಲಿ ಇದಕ್ಕೆಂದು ತೆಗೆದಿರಿಸುವ ಹಣ ಈಚಿನ ವರ್ಷಗಳಲ್ಲಿ 10,000 ಕೋಟಿ ರೂಪಾಯಿಗಳನ್ನು ಮೀರಿದೆ. ಈ ಹೊರೆಯನ್ನು ಸೂರ್ಯನು ಇಳಿಸಬಲ್ಲನೇ? ನಾವೇ ಲೆಕ್ಕ ಹಾಕಿ ನೋಡೋಣ.

1,000 ಲೀಟರು ನೀರನ್ನು 100 ಮೀಟರು ಮೇಲೆತ್ತುವ ಕೆಲಸವೆಷ್ಟು? ರಾಶಿ 1,000 ಕಿಲೋಗ್ರಾಂ, ಗುರುತ್ವ ವೇಗೋತ್ಕರ್ಷ 9.8, ಎತ್ತರ 100. ಗುಣಿಸಿದರೆ 9,80,000 ಜೂಲು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲು. ಆದ್ದರಿಂದ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಇದು ಪುಸ್ತಕದ ಲೆಕ್ಕ. ಹೊಲದ ಪಂಪು ಪುಸ್ತಕ ಓದಿಲ್ಲ! ಮೋಟಾರಿನ ಕಾವು, ಕೊಳವೆಯ ಘರ್ಷಣೆ ಎಲ್ಲವನ್ನೂ ಕಳೆದು ಅದರ ದಕ್ಷತೆ ನೂರಕ್ಕೆ 40 ಎಂದಿಟ್ಟುಕೊಂಡರೆ ಸುಮಾರು 0.7 ಯೂನಿಟ್ ಬೇಕಾಗುವುದು. ಯೂನಿಟ್ಟಿಗೆ 6 ರೂಪಾಯಿ ತಗಲುವುದೆಂದು ಭಾವಿಸಿದರೆ ವೆಚ್ಚ 4 ರೂಪಾಯಿ 20 ಪೈಸೆ.

ಬಿಸಿಲಿನ ವಿದ್ಯುತ್ತು ಅಗ್ಗವೆಂಬುದು ನಿಜ. 2017ರಲ್ಲಿ ರಾಜಸ್ಥಾನದ ಭಾದ್ಲಾ ಸ್ಥಾವರಕ್ಕಾಗಿ ನಡೆದ ಹರಾಜಿನಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಯ ದರ ಬಂದಿತು. ಪಂಪು ಹಗಲಿನಲ್ಲಿಯೇ ನಡೆಯಬಹುದಾದ್ದರಿಂದ ಬ್ಯಾಟರಿಯ ಖರ್ಚೂ ಇಲ್ಲ. ಯೂನಿಟ್ಟಿನ ಬೆಲೆ 3 ರೂಪಾಯಿಗೆ ಇಳಿಯಿತೆನ್ನೋಣ. ಅದೇ ನೀರಿಗೆ ಸರ್ಕಾರದ ವೆಚ್ಚ 2 ರೂಪಾಯಿ 10 ಪೈಸೆ. ಅರ್ಧಕ್ಕರ್ಧ ಉಳಿತಾಯ!

ಆದರೆ ಮೇಲಿನ ಗುಣಾಕಾರದಲ್ಲಿದ್ದ 100 ಮೀಟರನ್ನು ವಾಚಕರು ಮರೆಯಬಾರದು. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಸಾವಿರ ಅಡಿಗೂ ಆಳವಾದ, ಎಂದರೆ 300 ಮೀಟರು ದಾಟಿದ ಕೊಳವೆ ಬಾವಿಗಳಿವೆ. ನೀರಿನ ಮಟ್ಟ 100ರಿಂದ 200 ಮೀಟರಿಗೆ ಇಳಿದರೆ ಕೆಲಸ ಇಮ್ಮಡಿಯಾಗುತ್ತದೆ. ವೆಚ್ಚ ಮತ್ತೆ 4 ರೂಪಾಯಿ 20 ಪೈಸೆ! ಸೂರ್ಯನು ಉಳಿಸಿಕೊಟ್ಟದ್ದನ್ನು ಪಾತಾಳ ನುಂಗಿತು. ಬಿಸಿಲಿರುವಷ್ಟು ಹೊತ್ತೂ ಪುಕ್ಕಟೆ ವಿದ್ಯುತ್ತು ಹರಿಯುತ್ತಿದ್ದರೆ ಪಂಪು ನಿಲ್ಲಿಸುವ ಅವಸರ ಯಾರಿಗಿದ್ದೀತು? ರೈತನನ್ನು ದೂರಿ ಫಲವಿಲ್ಲ. ಬಾಡುವ ಪೈರಿನ ಮುಂದೆ ನಿಂತರೆ ನಾವೂ ಹಾಗೆಯೇ ಮಾಡುತ್ತಿದ್ದೆವು.

ಗುಜರಾತು 2018ರಲ್ಲಿ ಆರಂಭಿಸಿದ ಸೂರ್ಯಶಕ್ತಿ ಕಿಸಾನ್ ಯೋಜನೆಯ ಉಪಾಯ ನಮಗೆ ಹಿಡಿಸುವುದು ಇಲ್ಲಿಯೇ. ಹೊಲದ ಸೌರಫಲಕಗಳ ವಿದ್ಯುತ್ತಿನಲ್ಲಿ ತಾನು ಬಳಸದೆ ಉಳಿಸಿದ್ದನ್ನು ರೈತನು ವಿದ್ಯುತ್ ಜಾಲಕ್ಕೆ ಮಾರಬಹುದು. ಆಗ ಪಂಪು ಸುಮ್ಮನಿರುವ ಒಂದೊಂದು ಗಂಟೆಗೂ ಅವನ ಕೈಗೆ ಕಾಸು ಬರುತ್ತದೆ. ನೀರು ನೆಲದಲ್ಲಿಯೇ ಉಳಿಯುತ್ತದೆ.