ಮುಚ್ಚದೆ ಉಳಿದ ಬಾಗಿಲು: ಮಕ್ಕಳ ಹರ್ನಿಯ

ಮೊಳಕಾಲ್ಮುರಿನ ರೇಷ್ಮೆ ನೇಕಾರರ ಮನೆಯೊಂದರಲ್ಲಿ, ಇಲ್ಲವೆ ಚಳ್ಳಕೆರೆಯ ಸುತ್ತಣ ಶೇಂಗಾ ಬೆಳೆಯುವ ಹಳ್ಳಿಯೊಂದರಲ್ಲಿ, ಮೂರು ತಿಂಗಳ ಗಂಡುಕೂಸೊಂದು ಅಳುತ್ತಿದೆಯೆಂದು ಭಾವಿಸೋಣ. ನೀರೆರೆಯುವಾಗ ಅದರ ಬಲತೊಡೆಯ ಸಂದಿನಲ್ಲಿ ನೆಲ್ಲಿಕಾಯಿಯಷ್ಟು ದಪ್ಪನೆಯ ಉಬ್ಬೊಂದು ತಾಯಿಯ ಕಣ್ಣಿಗೆ ಬೀಳುತ್ತದೆ. ಮಗು ಅತ್ತಾಗ ಅದು ಹಿಗ್ಗುತ್ತದೆ, ನಿದ್ರಿಸಿದಾಗ ಮಾಯವಾಗುತ್ತದೆ. ಇದು ವಾಯುವೆಂದು ಒಬ್ಬರು ಹೇಳುವರು. ಬಹಳ ಅತ್ತುದರಿಂದ ಬಂದಿತೆಂದು ಇನ್ನೊಬ್ಬರು ಹೇಳುವರು. ಎರಡು ಮಾತುಗಳೂ ಸರಿಯಲ್ಲ. ಈ ಉಬ್ಬಿನ ಕಾರಣವು ಮಗು ಹುಟ್ಟುವುದಕ್ಕೆ ಮೊದಲೇ ಏರ್ಪಟ್ಟಿರುತ್ತದೆ. ಅಳುವು ಅದನ್ನು ತೋರಿಸಿಕೊಡುವುದೇ ಹೊರತು ಉಂಟುಮಾಡುವುದಿಲ್ಲ.

ಗಂಡುಶಿಶುವಿನ ವೃಷಣಗಳು ಮೊದಲು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಬಳಿಯಲ್ಲಿ. ಗರ್ಭದ ಏಳನೆಯ ತಿಂಗಳ ಸುಮಾರಿಗೆ ಅವು ತೊಡೆಸಂದಿನ ಕಿರುಗಾಲುವೆಯ ಮೂಲಕ ಕೆಳಗಿಳಿಯತೊಡಗುತ್ತವೆ. ಹೊಟ್ಟೆಯ ಒಳಗೋಡೆಗೆ ಅಸ್ತರಿನಂತಿರುವ ಉದರಪೊರೆಯ ಚಿಕ್ಕ ಚೀಲವೊಂದು ಅದೇ ಹಾದಿಯಲ್ಲಿ ಕೆಳಕ್ಕೆ ಚಾಚಿಕೊಂಡಿರುತ್ತದೆ. ವೃಷಣವು ಇಳಿದ ಮೇಲೆ ಈ ಚೀಲದ ಕತ್ತು ಮುಚ್ಚಿಹೋಗಬೇಕು. ಅದು ಮುಚ್ಚದೆ ಕಿರಿದಾದ ಕಂಡಿಯುಳಿದರೆ ನೀರು ಮಾತ್ರ ಇಳಿದು ನಿಲ್ಲುತ್ತದೆ. ಶಿಶುಗಳಲ್ಲಿ ಇದು ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಕಂಡಿಯು ಅಗಲವಾಗಿದ್ದರೆ ಕರುಳೇ ಇಳಿಯುತ್ತದೆ. ಇದೇ ಹರ್ನಿಯ, ಸುಶ್ರುತಸಂಹಿತೆಯು ಏಳು ಬಗೆಯ ವೃದ್ಧಿರೋಗಗಳಲ್ಲಿ ಎಣಿಸಿರುವ ‘ಅಂತ್ರವೃದ್ಧಿ’. ದಿನ ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ಇದು ಬರುತ್ತದೆ. ದಿನ ತುಂಬದವರಲ್ಲಿ ಇನ್ನೂ ಹೆಚ್ಚು. ಬಲಗಡೆಯ ವೃಷಣವು ತಡವಾಗಿ ಇಳಿಯುವುದರಿಂದ ಬಲಭಾಗದಲ್ಲೇ ಅಧಿಕ. ಹೆಣ್ಣುಮಕ್ಕಳಲ್ಲಿ ಅಪರೂಪವಾದರೂ ಇಲ್ಲದಿಲ್ಲ. ಅವರಲ್ಲಿ ಅಂಡಾಶಯವೇ ಜಾರಿ ಬರಬಹುದು.

ಈ ಬಾಗಿಲು ಪಟ್ಟಿ ಕಟ್ಟುವುದರಿಂದ ಮುಚ್ಚುವುದಿಲ್ಲ. ಬರೆ ಹಾಕುವುದರಿಂದಲೂ ಮುಚ್ಚುವುದಿಲ್ಲ. ಬರೆಯಿಂದ ಮಗುವಿಗೆ ಸುಟ್ಟ ಗಾಯವಾಗುವುದಷ್ಟೆ. ಶಸ್ತ್ರಚಿಕಿತ್ಸೆಯೊಂದೇ ಇದಕ್ಕೆ ಪರಿಹಾರ. 1735ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಅಮಿಯಾಂಡ್ ಎಂಬ ಶಸ್ತ್ರವೈದ್ಯನು ಹನ್ನೊಂದು ವರ್ಷದ ಹುಡುಗನೊಬ್ಬನ ಹರ್ನಿಯವನ್ನು ಬಿಡಿಸಿದಾಗ, ಅದರೊಳಗೆ ಗುಂಡುಸೂಜಿ ಚುಚ್ಚಿದ್ದ ಅಪೆಂಡಿಕ್ಸ್ ಸಿಕ್ಕಿತು. ಅರಿವಳಿಕೆಯಿಲ್ಲದ ಕಾಲ ಅದು. ಹುಡುಗನು ಆ ನೋವನ್ನು ಸಹಿಸಿ ಬದುಕಿದನು.

ಇಂದು ಮಗುವು ಅರಿವಳಿಕೆಯಲ್ಲಿ ಸುಖವಾಗಿ ಮಲಗಿರುತ್ತದೆ. ವೈದ್ಯರು ತೊಡೆಸಂದಿನ ಮೇಲಣ ಚರ್ಮದ ಮಡಿಕೆಯಲ್ಲಿ ಸಣ್ಣದೊಂದು ಸೀಳು ಮಾಡಿ ಚೀಲವನ್ನು ಹುಡುಕುತ್ತಾರೆ. ವೀರ್ಯನಾಳವೂ ವೃಷಣದ ರಕ್ತನಾಳಗಳೂ ಆ ತೆಳುಪೊರೆಗೆ ಅಂಟಿಕೊಂಡೇ ಇರುವುದರಿಂದ, ಅವುಗಳಿಗೆ ಪೆಟ್ಟಾಗದಂತೆ ಪೊರೆಯನ್ನು ಬಿಡಿಸುವುದೇ ಇಲ್ಲಿಯ ನಾಜೂಕಿನ ಕೆಲಸ. ಬಳಿಕ ಕರುಳನ್ನು ಒಳಕ್ಕೆ ಸರಿಸಿ, ಶೇಂಗಾ ಚೀಲದ ಬಾಯಿ ಕಟ್ಟುವಂತೆ ಪೊರೆಯ ಕತ್ತನ್ನು ಮೇಲ್ತುದಿಯಲ್ಲಿ ದಾರದಿಂದ ಬಿಗಿಯುತ್ತಾರೆ. ದೊಡ್ಡವರಲ್ಲಿ ಸ್ನಾಯುಗಳು ದುರ್ಬಲಗೊಂಡಿರುವುದರಿಂದ ಜಾಲರಿಯ ತೇಪೆ ಹಾಕಬೇಕಾಗುತ್ತದೆ. ಮಕ್ಕಳಿಗೆ ಅದು ಬೇಕಿಲ್ಲ. ಚೀಲವನ್ನು ಕಟ್ಟಿದರೆ ಸಾಕೆಂಬುದನ್ನು ಷಿಕಾಗೋ ನಗರದ ವಿಲ್ಲಿಸ್ ಪಾಟ್ಸ್ ಮತ್ತು ಸಂಗಡಿಗರು 1950ರಲ್ಲಿ ಒತ್ತಿ ಹೇಳಿದರು. ಆರೋಗ್ಯವಂತ ಮಗು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ದಿನ ತುಂಬದೆ ಹುಟ್ಟಿದ ಎಳೆಗೂಸುಗಳಿಗೆ ಅರಿವಳಿಕೆಯ ನಂತರ ಉಸಿರು ತಡೆಯುವ ಭಯವಿರುವುದರಿಂದ ಅವನ್ನು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.

ಹಾಗಾದರೆ ಅವಸರವೇಕೆ? ಇಳಿದ ಕರುಳು ಕಂಡಿಯಲ್ಲಿ ಸಿಕ್ಕಿಕೊಂಡರೆ ಅದಕ್ಕೆ ರಕ್ತ ಹರಿಯುವುದು ನಿಲ್ಲಬಹುದು. ಪಕ್ಕದ ವೃಷಣಕ್ಕೂ ಹಾನಿ ತಟ್ಟಬಹುದು. ಈ ಅಪಾಯವು ಮೊದಲ ವರ್ಷದಲ್ಲೇ ಅತಿ ಹೆಚ್ಚು. ಉಬ್ಬು ಗಟ್ಟಿಯಾಗಿ ಒಳಸರಿಯದಿರುವುದು, ಮಗು ಎಡೆಬಿಡದೆ ಅಳುವುದು, ವಾಂತಿ, ಅದರಲ್ಲೂ ಹಸಿರು ವಾಂತಿ, ಹೊಟ್ಟೆಯುಬ್ಬರ — ಇವು ಅಪಾಯದ ಚಿಹ್ನೆಗಳು. ಆಗ ಲೆಕ್ಕವು ದಿನಗಳದಲ್ಲ, ಗಂಟೆಗಳದು. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿಲೋಮೀಟರು. ಮೊಳಕಾಲ್ಮುರಿನಿಂದ ಅದರ ಎರಡರಷ್ಟಕ್ಕೂ ಮಿಗಿಲು. ನಡುರಾತ್ರಿಯಲ್ಲಿ ಆ ದಾರಿಯನ್ನು ಹಿಡಿಯುವುದಕ್ಕಿಂತ, ಮಗು ನಗುನಗುತ್ತಿರುವಾಗಲೇ ಹಗಲಿನಲ್ಲಿ ಹೋಗಿ ತೋರಿಸುವುದು ಲೇಸು.

ನಮ್ಮಲ್ಲಿ ಈ ಭಾಗದ ಕಾಯಿಲೆಯನ್ನು ಸಂಕೋಚದಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. ವಿದ್ಯಾರ್ಥಿಗಳಾದ ನಮ್ಮ ಓದುಗರು ತಮ್ಮ ಮನೆಯಲ್ಲಿ, ನೆರೆಯಲ್ಲಿ ಇಂತಹ ಉಬ್ಬಿನ ಸುದ್ದಿ ಕೇಳಿದರೆ, ಅದು ಯಾರ ತಪ್ಪೂ ಅಲ್ಲ, ಮುಚ್ಚಬೇಕಾಗಿದ್ದ ಬಾಗಿಲೊಂದು ಮುಚ್ಚದೆ ಉಳಿದಿದೆ ಎಂದು ಹೇಳಲಿ. ಮತ್ತು ಮಗುವನ್ನು ಬೇಗನೆ ವೈದ್ಯರ ಬಳಿಗೆ ಕಳುಹಿಸಲಿ.